ಮರುಜೋಡಿಸಿದ ಜಾಲತಾಣದಲ್ಲಿ ಉಳಿದುಬಿಡುವ ಹಳೆಯ ಕಡತಗಳು: ಪತ್ತೆ ಮತ್ತು ಪರಿಹಾರ

ನಮ್ಮ ತಾಣವನ್ನು ಮರುಜೋಡಿಸಿ ಪ್ರಕಟಿಸಿದ ಕೆಲವು ವಾರಗಳ ಬಳಿಕ ಓದುಗರೊಬ್ಬರು ಕರೆ ಮಾಡಿದರು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಇನ್ನೂ ಹತ್ತು ದಿನಗಳ ಅವಕಾಶವಿದೆಯೆಂದು ಅವರು ನಮ್ಮಲ್ಲಿಯೇ ಓದಿದ್ದರು; ಶಾಲೆಯಲ್ಲಿ ವಿಚಾರಿಸಿದಾಗ ಗಡುವು ಮುಗಿದುಹೋಗಿತ್ತು. ಅವರು ಓದಿದ್ದು ಹಿಂದಿನ ವರ್ಷದ ಸುದ್ದಿ. ಅದರಲ್ಲಿ ದಿನವೂ ತಿಂಗಳೂ ಇದ್ದವು, ವರ್ಷ ಇರಲಿಲ್ಲ. ಹೊಸ ತಾಣದ ಯಾವ ಪುಟದಿಂದಲೂ ಆ ಸುದ್ದಿಗೆ ಕೊಂಡಿ ಇರಲಿಲ್ಲವಾದ್ದರಿಂದ ಅದು ಇಲ್ಲವಾಗಿದೆ ಎಂದೇ ನಾವು ಭಾವಿಸಿದ್ದೆವು. ಸರ್ವರಿನಲ್ಲಿ ಮಾತ್ರ ಆ ಕಡತ ಇದ್ದ ಜಾಗದಲ್ಲಿಯೇ ಇತ್ತು. ವಾಟ್ಸ್‌ಆಪ್ ಗುಂಪೊಂದರಲ್ಲಿ ಹರಿದಾಡುತ್ತಿದ್ದ ಹಳೆಯ ಕೊಂಡಿ ಅವರನ್ನು ನೇರವಾಗಿ ಅಲ್ಲಿಗೆ ಕರೆದೊಯ್ದಿತ್ತು.

ತಪ್ಪು ನಮ್ಮದು. ಆದರೆ ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂಬುದು ಗಡಿಯಾಚೆಯ ಕನ್ನಡ ಸಂಘಗಳ, ಶಾಲೆಗಳ, ಸಣ್ಣ ಪತ್ರಿಕೆಗಳ ತಾಣಗಳನ್ನು ನೋಡಿದವರಿಗೆ ತಿಳಿದಿದೆ. ಅವುಗಳಲ್ಲಿ ಹೆಚ್ಚಿನವನ್ನು ನಡೆಸುವವರು ಬಿಡುವಿನ ವೇಳೆಯಲ್ಲಿ ದುಡಿಯುವ ಅಧ್ಯಾಪಕರು, ಯುವಕರು. ಅಂಥವರ ಉಪಯೋಗಕ್ಕಾಗಿ, ತಾಣದ ರಚನೆಯನ್ನು ಬದಲಿಸಿ ಪ್ರಕಟಿಸುವಾಗ ಹಳೆಯ ಕಡತಗಳು ಏಕೆ ಉಳಿಯುತ್ತವೆ, ಅವನ್ನು ಹೇಗೆ ಗುರುತಿಸಬೇಕು, ಯಾವುದನ್ನು ಅಳಿಸಬೇಕು, ಯಾವುದನ್ನು ಅಳಿಸಬಾರದು ಎಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇವೆ.

ಹಳೆಯ ಕಡತ ಉಳಿಯುವುದೇಕೆ?

ಪ್ರಕಟಣೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ನಕಲು ಮಾಡುವುದು ಮಾತ್ರ. ಕಡತ ವರ್ಗಾವಣೆಯ ಎಫ್‌ಟಿಪಿ ವಿಧಾನದ ಮೊದಲ ನಿರೂಪಣೆಯನ್ನು ಅಭಯ್ ಭೂಷಣ್ ಅವರು 1971ರಲ್ಲಿ ಬರೆದರು. ಇಂದಿಗೂ ಅನೇಕ ಸಣ್ಣ ತಾಣಗಳು ಅದೇ ವಿಧಾನದಿಂದ ಸರ್ವರಿಗೆ ಏರುತ್ತಿವೆ. ನಮ್ಮ ಕಂಪ್ಯೂಟರಿನಲ್ಲಿರುವ ಕಡತವನ್ನು ಅದು ಅಲ್ಲಿಗೆ ಒಯ್ಯುತ್ತದೆ. ಅದೇ ಹೆಸರಿನದು ಅಲ್ಲಿದ್ದರೆ ಅದರ ಮೇಲೆ ಬರೆಯುತ್ತದೆ. ನಮ್ಮಲ್ಲಿ ಇಲ್ಲದ ಕಡತ ಅಲ್ಲಿದ್ದರೆ ಅದನ್ನು ಮುಟ್ಟುವುದಿಲ್ಲ. ಒಂದು ಕಡತದ ಹೆಸರನ್ನೋ ಫೋಲ್ಡರನ್ನೋ ಬದಲಿಸಿದೆವೆಂದರೆ ಸರ್ವರಿನ ದೃಷ್ಟಿಯಲ್ಲಿ ಹೊಸದೊಂದು ಬಂದಿತಷ್ಟೆ, ಹಳೆಯದು ಹೋಗಲಿಲ್ಲ.

ತಾಣವನ್ನು ತಯಾರಿಸಿಕೊಡುವ ತಂತ್ರಾಂಶಗಳಲ್ಲಿಯೂ ಈ ಭೇದವಿದೆ. ಜೆಕಿಲ್ ಪ್ರತಿಬಾರಿ ತನ್ನ ಹೊರಡುಗೆಯ ಫೋಲ್ಡರನ್ನು ಶುಚಿಗೊಳಿಸುತ್ತದೆ. ಹ್ಯೂಗೊ ಹಾಗೆ ಮಾಡುವುದಿಲ್ಲ: ಕರಡೆಂದು ಹಿಂತೆಗೆದ ಲೇಖನ, ಹೆಸರು ಬದಲಾದ ಪುಟ ಮೊದಲಾದವು ಅದರ 'ಪಬ್ಲಿಕ್' ಫೋಲ್ಡರಿನಲ್ಲಿ ಹಾಗೆಯೇ ಉಳಿದು ಮತ್ತೆ ಸರ್ವರಿಗೆ ಹೋಗುತ್ತವೆ. ಅಂಥಲ್ಲಿ ಪ್ರಕಟಣೆಗೆ ಮುನ್ನ ಆ ಫೋಲ್ಡರನ್ನು ಖಾಲಿ ಮಾಡಿ ಹೊಸದಾಗಿ ತಯಾರಿಸಬೇಕು. ಗಿಟ್‌ಹಬ್ ಪೇಜಸ್, ನೆಟ್ಲಿಫೈ ಮುಂತಾದ ಸೇವೆಗಳು ಪ್ರತಿಬಾರಿ ಇಡೀ ತಾಣವನ್ನು ಹೊಸದಾಗಿ ಇರಿಸುವುದರಿಂದ ಸರ್ವರಿನ ಉಳಿಕೆಯ ತೊಂದರೆ ಅಲ್ಲಿ ಕಡಿಮೆ. ಆದರೆ ತಯಾರಿಕೆಯ ಫೋಲ್ಡರಿನಲ್ಲಿಯೇ ಹಳೆಯದು ಇದ್ದರೆ ಅವೂ ಅದನ್ನು ನಿಷ್ಠೆಯಿಂದ ಪ್ರಕಟಿಸುತ್ತವೆ.

ಮೊದಲ ಪರೀಕ್ಷೆ: ಕಡತವೋ, ಅದರ ನೆರಳೋ?

ಹಳೆಯ ಪುಟ ಕಾಣಿಸಿತೆಂದು ಕೂಡಲೇ ಅಳಿಸಲು ಹೊರಡಬಾರದು. ಕಾಣುತ್ತಿರುವುದು ನಿಜವಾದ ಕಡತವೇ, ನಡುವೆ ಎಲ್ಲೋ ಕೂಡಿಟ್ಟ ಪ್ರತಿಯೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಬ್ರೌಸರು, ಹೋಸ್ಟಿಂಗ್ ಸಂಸ್ಥೆಯ ಕ್ಯಾಶ್, ವರ್ಡ್‌ಪ್ರೆಸ್‌ನ ಕ್ಯಾಶ್ ಪ್ಲಗಿನ್, ಕ್ಲೌಡ್‌ಫ್ಲೇರ್‌ನಂತಹ ಸೇವೆ ಇವುಗಳಲ್ಲಿ ಯಾವುದಾದರೂ ಹಳೆಯ ಪ್ರತಿಯನ್ನು ನೀಡುತ್ತಿರಬಹುದು.

ಹೋಸ್ಟಿಂಗ್ ಫಲಕದ ಫೈಲ್ ಮ್ಯಾನೇಜರಿಗೆ ಹೋಗಿ ಆ ಕಡತವನ್ನು ಹುಡುಕುವುದೇ ಖಚಿತವಾದ ಪರೀಕ್ಷೆ. ಅದು ಅಲ್ಲಿದ್ದರೆ ತೊಂದರೆ ಉಳಿಕೆಯದು. ಅಲ್ಲಿ ಇಲ್ಲದೆಯೂ ಪುಟ ಕಾಣಿಸುತ್ತಿದ್ದರೆ ಅದು ಕ್ಯಾಶ್‌ನ ಕೆಲಸವಾಗಿರಬಹುದು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದುನೋಡಬೇಕು. ಬೇರೊಂದು ಮೊಬೈಲಿನಿಂದ, ವೈಫೈ ಬಿಟ್ಟು, ನೋಡಬೇಕು. ಅಲ್ಲಿಯೂ ಹಳೆಯದೇ ಬಂದರೆ ಹೋಸ್ಟಿಂಗಿನ ಹಾಗೂ ನಡುವಿನ ಸೇವೆಯ ಕ್ಯಾಶನ್ನು ತೆರವುಗೊಳಿಸಬೇಕು. ವರ್ಡ್‌ಪ್ರೆಸ್ ತಾಣದ ಲೇಖನಗಳು ಕಡತಗಳಾಗಿರದೆ ದತ್ತಕೋಶದಲ್ಲಿರುತ್ತವೆ ಎಂಬುದನ್ನೂ ನೆನಪಿಡಬೇಕು. ಅಲ್ಲಿ ಹಳೆಯ ಲೇಖನವನ್ನು ಹುಡುಕಬೇಕಾದದ್ದು ನಿರ್ವಹಣಾ ಫಲಕದಲ್ಲಿ.

ಪದೇ ಪದೇ ಕಾಡುವ ಐದು ತೊಂದರೆಗಳು

ಮೊದಲನೆಯದು, ಹೊಸ ತಾಣ ಏರಿಸಿದರೂ ಹಳೆಯ ಮುಖಪುಟವೇ ಕಾಣುವುದು. ಹಳೆಯ ತಾಣದ ಮುಖಪುಟ 'ಇಂಡೆಕ್ಸ್.ಎಚ್‌ಟಿಎಂಎಲ್' ಆಗಿದ್ದು ಹೊಸದರದು 'ಇಂಡೆಕ್ಸ್.ಪಿಎಚ್‌ಪಿ' ಆಗಿದ್ದರೆ ಎರಡೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಯಾವುದನ್ನು ಮೊದಲು ತೋರಿಸಬೇಕೆಂಬ ಪಟ್ಟಿ ಸರ್ವರಿನಲ್ಲಿದೆ; ಪಟ್ಟಿಯಲ್ಲಿ ಹಳೆಯದು ಮೊದಲಿದ್ದರೆ ಅದೇ ಮುಂದೆ ಬರುತ್ತದೆ. ಹಳೆಯದರ ಹೆಸರು ಬದಲಿಸಿ ನೋಡಿದರೆ ಕಾರಣ ತಿಳಿಯುತ್ತದೆ.

ಎರಡನೆಯದು, ಹೊಸ ವಿಭಾಗದ ಪುಟ ತೆರೆದರೆ 'ಪ್ರವೇಶ ನಿಷಿದ್ಧ' ಎಂಬ 403ರ ಸೂಚನೆ. ಬೇರುಫೋಲ್ಡರಿನಲ್ಲಿ ಹಿಂದೆ ಜಿಲ್ಲೆಗೊಂದು ಫೋಲ್ಡರ್ ಇದ್ದು, ಹೊಸ ವರ್ಡ್‌ಪ್ರೆಸ್ ತಾಣದಲ್ಲಿಯೂ ಅದೇ ಹೆಸರಿನ ವಿಭಾಗವಿದೆಯೆನ್ನೋಣ. ನಿಜವಾದ ಕಡತವೋ ಫೋಲ್ಡರೋ ಇದ್ದರೆ ಅದನ್ನೇ ತೋರಿಸು, ಇಲ್ಲದಿದ್ದರೆ ಮಾತ್ರ ಕೋರಿಕೆಯನ್ನು ವರ್ಡ್‌ಪ್ರೆಸ್‌ಗೆ ಒಪ್ಪಿಸು ಎಂಬುದು ಸರ್ವರಿಗೆ ಇರುವ ನಿಯಮ. ಆದುದರಿಂದ ಖಾಲಿಯಾದ ಹಳೆಯ ಫೋಲ್ಡರು ಕೂಡ ಹೊಸ ವಿಭಾಗದ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಚುಕ್ಕಿಯಿಂದ ಆರಂಭವಾಗುವ 'ಎಚ್‌ಟಿಆಕ್ಸೆಸ್' ಎಂಬ ಹಳೆಯ ನಿಯಮ ಕಡತ ಅದರೊಳಗೆ ಉಳಿದಿದ್ದರೆ ತೊಂದರೆ ಇನ್ನೂ ಗೂಢ. ಇಂಥ ಕಡತಗಳನ್ನು ಫೈಲ್ ಮ್ಯಾನೇಜರುಗಳು ಸಾಮಾನ್ಯವಾಗಿ ಮರೆಮಾಡುತ್ತವೆ; ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಆರಿಸಿ ನೋಡಬೇಕು.

ಮೂರನೆಯದು, ಇಂಗ್ಲಿಷ್ ಅಕ್ಷರಗಳ ದೊಡ್ಡದು-ಚಿಕ್ಕದರ ಭೇದ. ವಿಂಡೋಸ್ ಕಂಪ್ಯೂಟರು ದೊಡ್ಡಕ್ಷರದ ಹೆಸರನ್ನೂ ಚಿಕ್ಕಕ್ಷರದ ಹೆಸರನ್ನೂ ಒಂದೆಂದೇ ಎಣಿಸುತ್ತದೆ. ಲಿನಕ್ಸ್ ಸರ್ವರಿಗೆ ಅವು ಎರಡು. ಚಿತ್ರದ ಹೆಸರನ್ನು ಚಿಕ್ಕಕ್ಷರಕ್ಕೆ ತಿದ್ದಿ ಮತ್ತೆ ಏರಿಸಿದರೆ ಸರ್ವರಿನಲ್ಲಿ ಎರಡೂ ಇರುತ್ತವೆ, ಹಳೆಯ ಪುಟ ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ.

ನಾಲ್ಕನೆಯದು ಕನ್ನಡಕ್ಕೇ ಸಂಬಂಧಿಸಿದ್ದು. ಇದನ್ನು ಅರಿಯುವ ಮುನ್ನ ನಾವು ಬಹಳ ಹೊತ್ತು ತಬ್ಬಿಬ್ಬಾದೆವು. ಸರ್ವರಿನಲ್ಲಿ 'ಕಾಸರಗೋಡು' ಎಂಬ ಹೆಸರಿನ ಎರಡು ಫೋಲ್ಡರುಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಅಕ್ಷರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಯೂನಿಕೋಡ್‌ನಲ್ಲಿ 'ಗೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಇರಿಸುತ್ತಿತ್ತು; ವಿಂಡೋಸಿನಿಂದ ಹೋದದ್ದು ಸಾಮಾನ್ಯವಾಗಿ ಕೂಡಿದ ರೂಪದಲ್ಲಿರುತ್ತದೆ. ಇಬ್ಬರು ಕಾರ್ಯಕರ್ತರು ಎರಡು ಬಗೆಯ ಕಂಪ್ಯೂಟರುಗಳಿಂದ ಏರಿಸಿದರೆ ಲಿನಕ್ಸ್ ಸರ್ವರಿನಲ್ಲಿ ಅವಳಿ ಫೋಲ್ಡರುಗಳು ಹುಟ್ಟುತ್ತವೆ. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳೆಲ್ಲಕ್ಕೂ ಈ ಇಬ್ಬಗೆಯಿದೆ. ಕಾಸರಗೋಡು, ನೀಲಗಿರಿ, ಹೊಸೂರು, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ಗೋವಾ: ನಮ್ಮ ಸೀಮೆಗಳ ಹೆಸರುಗಳಲ್ಲಿಯೇ ಅವು ತುಂಬಿವೆ. 'ಆರ್‌' ಮುಂತಾದೆಡೆ ಬಳಸುವ, ಕಣ್ಣಿಗೆ ಕಾಣದ ವಿಭಜಕ ಸಂಕೇತವೂ ಇಂಥದೇ ಅವಳಿಯನ್ನು ಉಂಟುಮಾಡುತ್ತದೆ. ಎರಡನ್ನೂ ತೆರೆದು, ಒಳಗಿನ ಕಡತಗಳ ದಿನಾಂಕ ನೋಡಿ, ಹೊಸ ಪುಟಗಳು ಯಾವುದನ್ನು ಕರೆಯುತ್ತಿವೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಒಂದನ್ನು ತೆಗೆಯಬೇಕು.

ಐದನೆಯದು, ಕನ್ನಡದ ವಿಳಾಸಗಳು ಮೊಟಕಾಗುವುದು. ವಿಳಾಸದಲ್ಲಿ ಕನ್ನಡದ ಪ್ರತಿ ಸಂಕೇತವೂ 9 ಚಿಹ್ನೆಗಳಾಗಿ ಹಿಗ್ಗುತ್ತದೆ; 'ಕಾಸರಗೋಡು' ಎಂಬ ಒಂದು ಪದವೇ 72 ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ಒಂದು ಲೇಖನದ ವಿಳಾಸಭಾಗಕ್ಕೆ 200 ಚಿಹ್ನೆಗಳ ಮಿತಿ ಇಟ್ಟಿದೆ. ಅಂದರೆ ಕನ್ನಡದ 22 ಸಂಕೇತಗಳಷ್ಟೆ. ಒಂದೇ ಬಗೆಯಾಗಿ ಆರಂಭವಾಗುವ ಎರಡು ತಲೆಬರಹಗಳು ಅಲ್ಲಿಗೇ ತುಂಡಾಗಿ, ಎರಡನೆಯದಕ್ಕೆ ಕೊನೆಯಲ್ಲಿ ಅಂಕಿ ಸೇರುತ್ತದೆ. ಮರುಜೋಡಣೆಯಲ್ಲಿ ಲೇಖನಗಳು ಬೇರೆ ಅನುಕ್ರಮದಲ್ಲಿ ಒಳಬಂದರೆ ಅಂಕಿಗಳು ಅದಲುಬದಲಾಗಿ ಹಳೆಯ ಕೊಂಡಿ ತಪ್ಪು ಲೇಖನಕ್ಕೆ ಒಯ್ಯುತ್ತದೆ. ತಲೆಬರಹ ಕನ್ನಡದಲ್ಲಿರಲಿ, ಫೋಲ್ಡರು ಮತ್ತು ವಿಳಾಸಗಳಿಗೆ ಚಿಕ್ಕದಾದ ಇಂಗ್ಲಿಷ್ ಅಕ್ಷರಗಳ ಹೆಸರನ್ನು ಇಡುವುದೇ ಕ್ಷೇಮವೆಂಬ ನಿರ್ಧಾರಕ್ಕೆ ನಾವು ಬಂದಿದ್ದೇವೆ.

ಪಟ್ಟಿ ಮಾಡಿ ವಿಂಗಡಿಸುವುದು

ಅಳಿಸುವ ಮುನ್ನ ಸರ್ವರಿನಲ್ಲಿರುವುದೆಲ್ಲದರ ಪೂರ್ಣ ಪ್ರತಿಯೊಂದನ್ನು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ದತ್ತಕೋಶವಿದ್ದರೆ ಅದರ ಪ್ರತಿಯೂ ಬೇಕು. ಬಳಿಕ ಸರ್ವರಿನ ಕಡತಗಳ ಪಟ್ಟಿಯನ್ನೂ ಹೊಸ ತಾಣದ ಕಡತಗಳ ಪಟ್ಟಿಯನ್ನೂ ಎದುರುಬದುರಾಗಿ ಇಟ್ಟು ಹೋಲಿಸಬೇಕು. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಕಡತಗಳೇ ಉಳಿಕೆಗಳು. ಫೈಲ್‌ಜಿಲ್ಲಾದಲ್ಲಿ ಎರಡು ಕಡೆಯ ಫೋಲ್ಡರುಗಳನ್ನು ಹೋಲಿಸಿ ಬಣ್ಣದಿಂದ ತೋರಿಸುವ ಸೌಲಭ್ಯವಿದೆ. ಸಣ್ಣ ತಾಣಗಳಿಗೆ ಅಷ್ಟು ಸಾಕು.

ಉಳಿಕೆಗಳನ್ನು ನಾಲ್ಕು ರಾಶಿ ಮಾಡಬೇಕು: ಕೂಡಲೇ ತೆಗೆಯಬೇಕಾದವು, ಹೊಸ ವಿಳಾಸಕ್ಕೆ ದಾರಿ ತೋರಿಸಬೇಕಾದವು, ಯಾರಿಗೂ ಬೇಡವಾದವು, ದಾಖಲೆಯಾಗಿ ಉಳಿಸಬೇಕಾದವು.

ಕೂಡಲೇ ತೆಗೆಯಬೇಕಾದವು

ಮರುಜೋಡಣೆಯ ಗಡಿಬಿಡಿಯಲ್ಲಿ ಬೇರುಫೋಲ್ಡರಿನಲ್ಲಿಯೇ ಬಿಟ್ಟುಹೋದ ಜಿಪ್ ಕಟ್ಟು, ದತ್ತಕೋಶದ ಪ್ರತಿ ಮುಂತಾದವು ಅತ್ಯಂತ ಅಪಾಯಕಾರಿ. ಹೆಸರನ್ನು ಊಹಿಸಬಲ್ಲ ಯಾರು ಬೇಕಾದರೂ ಅವನ್ನು ಇಳಿಸಿಕೊಳ್ಳಬಹುದು. ಗುಪ್ತಪದವಿರುವ ಸಂರಚನಾ ಕಡತದ ಹೆಸರಿನ ಕೊನೆಗೆ 'ಓಲ್ಡ್' ಅಥವಾ 'ಬ್ಯಾಕ್' ಎಂದು ಸೇರಿಸಿ ಇಟ್ಟಿದ್ದರೆ, ಸರ್ವರು ಅದನ್ನು ಕಾರ್ಯಕ್ರಮವೆಂದು ನಡೆಸದೆ ಬರಿಯ ಪಠ್ಯವೆಂದು ಹೊರಗೆ ತೋರಿಸಿಬಿಡಬಹುದು. ಬಳಕೆಯಿಂದ ಬಿಟ್ಟ ಪ್ಲಗಿನ್ನುಗಳೂ ಸರ್ವರಿನಲ್ಲಿ ಇರುವವರೆಗೆ ಕಳ್ಳದಾರಿಗಳಾಗಬಲ್ಲವು. ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಬೇಕು.

ಇನ್ನೊಂದು ಬಗೆಯ ಕಡತಗಳು ನಮ್ಮ ಸಂಘಗಳ ತಾಣಗಳಲ್ಲಿ ವಿಶೇಷವಾಗಿ ಇರುತ್ತವೆ: ಸನ್ಮಾನಕ್ಕೆ, ಸ್ಪರ್ಧೆಗೆ, ವಿದ್ಯಾರ್ಥಿವೇತನಕ್ಕೆ ಹೆಸರು ಕೊಟ್ಟ ಮಕ್ಕಳ ಪಟ್ಟಿಗಳು, ಅವುಗಳಲ್ಲಿ ಮನೆವಿಳಾಸ, ಫೋನ್ ಸಂಖ್ಯೆ, ಅಂಕಗಳು. ಅವನ್ನು ಏರಿಸಿದಾಗ ಇದ್ದ ಉದ್ದೇಶ ಎಂದೋ ಮುಗಿದಿದೆ. ಇಂಥವನ್ನು ತಾಣದ ಗಿಟ್ ಕೋಶದಲ್ಲಿ ಇಟ್ಟಿದ್ದರೆ, ಕಡತವನ್ನು ಅಳಿಸಿದ ಮೇಲೂ ಕೋಶದ ಇತಿಹಾಸದಲ್ಲಿ ಅದು ಉಳಿದಿರುತ್ತದೆ; ಕೋಶವು ಸಾರ್ವಜನಿಕವಾಗಿದ್ದರೆ ಇತಿಹಾಸವನ್ನೂ ಶುಚಿಗೊಳಿಸಬೇಕು.

ಅಡಗಿಸಲೆಂದು ಅಂಥ ಫೋಲ್ಡರುಗಳ ಹೆಸರನ್ನು 'ರೋಬಾಟ್ಸ್' ಕಡತದಲ್ಲಿ ಬರೆಯುವುದು ದೊಡ್ಡ ತಪ್ಪು. ಆ ಕಡತವನ್ನು ಯಾರು ಬೇಕಾದರೂ ಓದಬಹುದು. ಬಚ್ಚಿಟ್ಟ ಜಾಗವನ್ನು ನಾವೇ ಸಾರಿದಂತಾಗುತ್ತದೆ.

ಅಳಿಸುವ ಕ್ರಮ

ತುಸು ಅನುಭವವಿರುವವರು ಆರ್‌ಸಿಂಕ್ ಬಳಸುತ್ತಾರೆ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಈ ಸಾಧನದಲ್ಲಿ 'ಡಿಲೀಟ್' ಎಂಬ ಆಯ್ಕೆಯಿದೆ: ನಮ್ಮಲ್ಲಿ ಇಲ್ಲದ್ದನ್ನು ಅಲ್ಲಿಯೂ ಇಲ್ಲವಾಗಿಸುತ್ತದೆ. ಹರಿತವಾದ ಕತ್ತಿಯಿದು. ಮೊದಲು 'ಡ್ರೈ ರನ್' ಆಯ್ಕೆಯೊಂದಿಗೆ ನಡೆಸಿ, ಏನನ್ನು ಅಳಿಸಲಿದೆ ಎಂಬ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆ ಬಿಟ್ಟುಹೋದರೆ ಹೊಸ ತಾಣವೆಲ್ಲ ಹಳೆಯದರೊಳಗೆ ಒಂದು ಫೋಲ್ಡರಾಗಿ ಕುಳಿತು, ಹಳೆಯದು ಹಾಗೆಯೇ ಉಳಿಯುತ್ತದೆ. ತಲುಪಬೇಕಾದ ಫೋಲ್ಡರಿನ ಹೆಸರು ತಪ್ಪಿದರೆ ಸಂಬಂಧವಿಲ್ಲದ ಕಡತಗಳೂ ಅಳಿಯುತ್ತವೆ.

ವರ್ಡ್‌ಪ್ರೆಸ್ ತಾಣಗಳಲ್ಲಿ ಇನ್ನೊಂದು ಎಚ್ಚರ ಬೇಕು. ವರದಿಗಾರರು ಫಲಕದ ಮೂಲಕ ಸೇರಿಸಿದ ಚಿತ್ರಗಳು 'ಅಪ್‌ಲೋಡ್ಸ್' ಫೋಲ್ಡರಿನಲ್ಲಿ, ಸರ್ವರಿನಲ್ಲಿ ಮಾತ್ರ ಇರುತ್ತವೆ. ನಮ್ಮ ಕಂಪ್ಯೂಟರಿನಲ್ಲಿ ಇಲ್ಲವೆಂಬ ಕಾರಣಕ್ಕೆ ಅವನ್ನು ಉಳಿಕೆಗಳೆಂದು ಎಣಿಸಿದರೆ ವರ್ಷಗಳ ಚಿತ್ರಸಂಗ್ರಹ ಒಂದು ಆದೇಶದಲ್ಲಿ ಹೋಗುತ್ತದೆ. ಆ ಫೋಲ್ಡರನ್ನು ಹೊರತುಪಡಿಸಿಯೇ ಅಳಿಸಬೇಕು.

ಇಷ್ಟು ಧೈರ್ಯ ಸಾಲದವರಿಗೆ ಸರಳವಾದ ಮಾರ್ಗವಿದೆ. ಹೊಸ ತಾಣವನ್ನು ಖಾಲಿಯಾದ ಬೇರೊಂದು ಫೋಲ್ಡರಿಗೆ ಪೂರ್ತಿಯಾಗಿ ಏರಿಸಿ, ಪರೀಕ್ಷಿಸಿ, ಆಮೇಲೆ ತಾಣದ ಹೆಸರು ಆ ಫೋಲ್ಡರನ್ನು ತೋರಿಸುವಂತೆ ಹೋಸ್ಟಿಂಗ್ ಫಲಕದಲ್ಲಿ ಬದಲಿಸಬೇಕು. ಹಳೆಯ ಫೋಲ್ಡರನ್ನು ಹೊರಗಿನಿಂದ ತಲುಪಲಾಗದ ಜಾಗಕ್ಕೆ ಸರಿಸಿ ಒಂದು ತಿಂಗಳು ಕಾಯಬೇಕು. ಏನಾದರೂ ತಪ್ಪಿದರೆ ಹಿಂದಕ್ಕೆ ಬರುವ ದಾರಿ ತೆರೆದೇ ಇರುತ್ತದೆ.

ಹಳೆಯ ವಿಳಾಸಕ್ಕೆ ಬಂದವರಿಗೆ ಉತ್ತರ

ಕಡತ ಅಳಿದರೂ ಕೊಂಡಿಗಳು ಅಳಿಯುವುದಿಲ್ಲ. ಹೊಸ ಜಾಗಕ್ಕೆ ಹೋದ ಪುಟಕ್ಕೆ 301ರ ಶಾಶ್ವತ ಮರುನಿರ್ದೇಶನ ಕೊಡಬೇಕು. ಒಂದು ಹಳೆಯ ವಿಳಾಸಕ್ಕೆ ಅದರದೇ ಹೊಸ ವಿಳಾಸ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಓದುಗರಿಗೂ ನೆರವಲ್ಲ, ಗೂಗಲ್ ಕೂಡ ಅದನ್ನು ಇಲ್ಲದ ಪುಟವೆಂದೇ ಎಣಿಸಬಹುದು. ಬೇಕೆಂದೇ ತೆಗೆದದ್ದಕ್ಕೆ 410ರ ಉತ್ತರ ನೀಡಿದರೆ 'ಇದು ಶಾಶ್ವತವಾಗಿ ಹೋಗಿದೆ' ಎಂದು ಶೋಧಯಂತ್ರಗಳಿಗೆ ತಿಳಿಯುತ್ತದೆ. ತುರ್ತಿದ್ದರೆ ಗೂಗಲ್ ಸರ್ಚ್ ಕನ್ಸೋಲ್‌ನ ತೆಗೆಸುವ ಸೌಲಭ್ಯವನ್ನು ಬಳಸಬಹುದು. ಅದರ ಫಲ ಸುಮಾರು ಆರು ತಿಂಗಳದ್ದು ಮಾತ್ರ, ಅಷ್ಟರೊಳಗೆ ಕಡತ ನಿಜವಾಗಿ ಹೋಗಿರಬೇಕು.

ನಮ್ಮಂಥ ತಾಣಗಳಿಗೆ ಮರುನಿರ್ದೇಶನ ಬರಿಯ ತಾಂತ್ರಿಕ ಶಿಸ್ತಲ್ಲ. ಇಲ್ಲಿ ಆಡಳಿತದ ನಕ್ಷೆಯೇ ಬದಲಾಗುತ್ತಿರುತ್ತದೆ. ಕಾಸರಗೋಡು 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಸೂರು ಧರ್ಮಪುರಿಯಿಂದ ಬೇರೆಯಾಗಿ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ತೆಲಂಗಾಣದಲ್ಲಿ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ ಮಹಬೂಬ್‌ನಗರದಿಂದ ಹೊರಬಂದಿತು. ಆಂಧ್ರಪ್ರದೇಶದಲ್ಲಿ 2022ರ ಏಪ್ರಿಲ್ 4ರಂದು 13 ಜಿಲ್ಲೆಗಳು 26 ಆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆವಾರು ಫೋಲ್ಡರುಗಳಿದ್ದ ತಾಣದಲ್ಲಿ ಮಡಕಶಿರಾದ ಹಳೆಯ ಮಾರ್ಗದರ್ಶಿ ಪುಟ ಉಳಿದರೆ, ಅದನ್ನು ನಂಬಿದವರು ಪುಟ್ಟಪರ್ತಿಗೆ ಹೋಗಬೇಕಾದಲ್ಲಿ ಅನಂತಪುರದ ಬಸ್ಸು ಹತ್ತುತ್ತಾರೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಕೆಲವೊಮ್ಮೆ ಅರ್ಜಿಯ ಗಡುವು ಅದರಲ್ಲಿ ಹೋಗುತ್ತದೆ.

ಅಳಿಸಬಾರದವು

ಹಳೆಯದೆಲ್ಲವೂ ಕಸವಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ 38 ಶೇಕಡಾ ಪುಟಗಳು ಹತ್ತು ವರ್ಷಗಳಲ್ಲಿ ಸಿಗದಂತಾಗಿದ್ದವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ದೊಡ್ಡ ಭಾಷೆಯ ದೊಡ್ಡ ಪತ್ರಿಕೆಯಲ್ಲಿ ಒಂದು ಪುಟ ಹೋದರೆ ಅದೇ ಸುದ್ದಿ ಬೇರೆ ನಾಲ್ಕು ಕಡೆ ಸಿಕ್ಕೀತು. ಗಡಿಯಾಚೆಯ ಒಂದು ಕನ್ನಡ ಶಾಲೆಯ ಕೊನೆಯ ತರಗತಿ, ಒಂದು ಊರಿನ ಯಕ್ಷಗಾನ ಮೇಳ, ಭಾಷಾ ಅಲ್ಪಸಂಖ್ಯಾತರ ಒಂದು ಮನವಿ ಇವುಗಳ ವರದಿ ಅನೇಕ ವೇಳೆ ಆ ಒಂದೇ ಕಡತದಲ್ಲಿರುತ್ತದೆ. ಅಂಥ ಪುಟಗಳನ್ನು 'ಹಳೆಯ ಸಂಚಿಕೆ' ವಿಭಾಗಕ್ಕೆ ಸರಿಸಿ, ಮೇಲ್ಭಾಗದಲ್ಲಿ ಪ್ರಕಟಣೆಯ ದಿನಾಂಕವನ್ನು ವರ್ಷಸಹಿತ ನಮೂದಿಸಿ, ಹಳೆಯ ವಿಳಾಸದಿಂದ ದಾರಿ ತೋರಿಸಬೇಕು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿಯೂ ಒಂದು ಪ್ರತಿ ಉಳಿಸುವುದು ಒಳಿತು.

ಯೂನಿಕೋಡ್ ರೂಢಿಗೆ ಬರುವ ಮುಂಚಿನ ಪುಟಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಉಳಿಕೆಯೆಂದು ಆ ಫಾಂಟ್ ಕಡತವನ್ನು ಅಳಿಸಿದರೆ ಲೇಖನವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಅದು ಯಾವ ಫಾಂಟೆಂಬ ಸುಳಿವೂ ಹೋಗುತ್ತದೆ. ಆದುದರಿಂದ ಮೊದಲು ಫಾಂಟಿನ ಹೆಸರನ್ನು ಬರೆದಿಟ್ಟುಕೊಂಡು, ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಕಣ್ಣಾರೆ ಓದಿ ತಿದ್ದಿ, ಬಳಿಕವಷ್ಟೇ ಹಳೆಯದನ್ನು ತೆಗೆಯಬೇಕು. ಯೂನಿಕೋಡ್‌ಗೆ ಬಂದ ದಿನದಿಂದ ಕನ್ನಡ ಪದ ಕೊಟ್ಟು ಹುಡುಕುವವರಿಗೂ ಆ ಲೇಖನ ದೊರೆಯತೊಡಗುತ್ತದೆ.

ಕೊನೆಯ ಪರಿಶೀಲನೆ

1. ಪೂರ್ಣ ಪ್ರತಿಯನ್ನು ಇಳಿಸಿಕೊಂಡದ್ದಷ್ಟೇ ಅಲ್ಲ, ಅದು ತೆರೆಯುತ್ತದೆಯೆಂದೂ ನೋಡಲಾಗಿದೆಯೇ?
2. ಅಡಗಿದ ಕಡತಗಳೂ ಸೇರಿದಂತೆ ಎರಡು ಪಟ್ಟಿಗಳನ್ನು ಹೋಲಿಸಲಾಗಿದೆಯೇ?
3. ದತ್ತಕೋಶದ ಪ್ರತಿ, ಜಿಪ್ ಕಟ್ಟು, ಮಕ್ಕಳ ವಿವರಗಳ ಪಟ್ಟಿ ತಾಣದಿಂದ ಹೊರಹೋಗಿವೆಯೇ?
4. ಹೆಚ್ಚು ಹಂಚಿಕೆಯಾದ ಹಳೆಯ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಲಾಗಿದೆಯೇ?
5. ತಾಣನಕ್ಷೆಯಲ್ಲಿ ಹೊಸ ವಿಳಾಸಗಳು ಮಾತ್ರ ಇವೆಯೇ? ಕ್ಯಾಶ್ ತೆರವಾಗಿದೆಯೇ?
6. ಗಡುವಿರುವ ಪ್ರತಿಯೊಂದು ಸುದ್ದಿಯಲ್ಲಿಯೂ ವರ್ಷ ನಮೂದಾಗಿದೆಯೇ?

ಆರನೆಯ ಪ್ರಶ್ನೆಗೆ ತಂತ್ರಜ್ಞಾನ ಬೇಕಾಗಿಲ್ಲ. ನಾವು ಅದನ್ನು ಕಲಿತದ್ದು ಆ ಒಂದು ಕರೆಯಿಂದ. ಆ ವರ್ಷದ ಅರ್ಜಿ ಅವರ ಮಗಳಿಗೆ ತಪ್ಪಿಹೋಯಿತು. ಮರುವರ್ಷದ ಸುದ್ದಿಯನ್ನು ವರ್ಷಸಹಿತ ಪ್ರಕಟಿಸಿ, ಮೊದಲ ಕೊಂಡಿಯನ್ನು ನಾವು ಅವರಿಗೇ ಕಳುಹಿಸಿದೆವು.